ಉಪಗ್ರಹಕ್ಕೆ ಕಡಲಿನ ಬಿಸಿ ತಿಳಿಯುವ ಬಗೆ

ಪ್ರಶ್ನೆ: ನೀರನ್ನು ಮುಟ್ಟದ ಉಪಗ್ರಹವು ಸಮುದ್ರದ ತಾಪಮಾನವನ್ನು ಹೇಗೆ ಅಳೆಯುತ್ತದೆ? ಆ ನಕ್ಷೆಯನ್ನು ನಂಬಿ ಮೀನುಗಾರಿಕೆಗೆ ಹೊರಡಬಹುದೇ? ಮಳೆಗಾಲದಲ್ಲಿ ಅದರಲ್ಲಿ ಖಾಲಿ ಜಾಗಗಳೇ ಹೆಚ್ಚಾಗಿ ಕಾಣುವುದೇಕೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ಪ್ರತಿಯೊಂದು ವಸ್ತುವೂ ತನ್ನ ತಾಪಮಾನಕ್ಕೆ ತಕ್ಕಂತೆ ವಿಕಿರಣವನ್ನು ಹೊರಸೂಸುತ್ತದೆ, ಕಡಲಿನ ಮೇಲ್ಮೈಯೂ ಹಾಗೆಯೇ. ಅದರಲ್ಲಿ ಸುಮಾರು 10ರಿಂದ 12 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಕಿರಣಗಳು ವಾತಾವರಣವನ್ನು ಬಹುಮಟ್ಟಿಗೆ ದಾಟಿ ಬರುವುದರಿಂದ ಉಪಗ್ರಹವು ಅವನ್ನು ಅಳೆಯುತ್ತದೆ. ದಾರಿಯಲ್ಲಿ ನೀರಾವಿಯು ಹೀರಿಕೊಳ್ಳುವ ಪಾಲು ಒಂದೊಂದು ತರಂಗಾಂತರಕ್ಕೆ ಒಂದೊಂದು ಬಗೆಯಾಗಿರುತ್ತದೆ. ಎರಡು ತರಂಗಾಂತರಗಳ ಅಳತೆಗಳನ್ನು ಹೋಲಿಸಿ ಆ ನಷ್ಟವನ್ನು ಸರಿಪಡಿಸುತ್ತಾರೆ.

ಈ ಲೆಕ್ಕಾಚಾರವೂ ಕೆಲವೊಮ್ಮೆ ತಪ್ಪುತ್ತದೆ. 1982ರಲ್ಲಿ ಮೆಕ್ಸಿಕೊದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿದಾಗ ಮೇಲಿನ ವಾಯುಮಂಡಲದಲ್ಲಿ ಹರಡಿದ ಗಂಧಕದ ಸೂಕ್ಷ್ಮಕಣಗಳಿಂದಾಗಿ ಉಪಗ್ರಹಗಳು ಉಷ್ಣವಲಯದ ಸಮುದ್ರವನ್ನು ವಾಸ್ತವಕ್ಕಿಂತ ತಂಪಾಗಿ ತೋರಿಸಿದವು. ಅದೇ ವರ್ಷ ಶಾಂತಸಾಗರದಲ್ಲಿ ಬಲಿಯುತ್ತಿದ್ದ ಎಲ್ ನಿನೊ (ಅಲ್ಲಿನ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ) ಬೇಗನೆ ಗುರುತಿಗೆ ಸಿಗದಿರಲು ಇದೂ ಒಂದು ಕಾರಣವಾಯಿತು. ಹಡಗುಗಳು ಮತ್ತು ತೇಲುವ ಮಾಪಕಗಳು ನೀರಿನಲ್ಲೇ ತೆಗೆದ ಅಳತೆಗಳೊಡನೆ ತಾಳೆ ನೋಡದ ನಕ್ಷೆಯನ್ನು ಪೂರ್ತಿಯಾಗಿ ನೆಚ್ಚಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ. ಅಲ್ಲದೆ ಅವಕೆಂಪು ಕಿರಣವು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾದ ಮೇಲ್ಪದರದ ಸುದ್ದಿಯನ್ನಷ್ಟೇ ತರುತ್ತದೆ. ಗಾಳಿಯಿಲ್ಲದ ಮಧ್ಯಾಹ್ನ ಮೇಲಿನ ನೀರು ಬಿಸಿಲಿಗೆ ಕಾದಿದ್ದು, ಕೆಲವೇ ಮೀಟರ್ ಕೆಳಗೆ ತಂಪಾಗಿಯೇ ಇರಬಹುದು.

ಮೀನುಗಾರರಿಗೆ ಒಂದು ಜಾಗದ ತಾಪಮಾನ ಎಷ್ಟು ಡಿಗ್ರಿ ಎಂಬುದಕ್ಕಿಂತ ಬಿಸಿ ನೀರೂ ತಣ್ಣೀರೂ ಸಂಧಿಸುವ ಗಡಿ ಎಲ್ಲಿದೆ ಎಂಬುದು ಮುಖ್ಯ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಕೇರಳ ಮತ್ತು ಕರ್ನಾಟಕದ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇರಿದಾಗ ಸೂಕ್ಷ್ಮ ಹಸಿರು ಜೀವಿಗಳು ಹುಲುಸಾಗಿ ಬೆಳೆಯುತ್ತವೆ; ಬೂತಾಯಿ, ಬಂಗುಡೆಗಳಿಗೆ ಆಹಾರ ಒದಗುವುದು ಹೀಗೆ. ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಒದಗಿಸುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆಯು ತಾಪಮಾನದ ಈ ಗಡಿಗಳನ್ನೂ ನೀರಿನ ಬಣ್ಣದಿಂದ ತಿಳಿಯುವ ಪತ್ರಹರಿತ್ತಿನ ಪ್ರಮಾಣವನ್ನೂ ಜೋಡಿಸಿ, ಮೀನು ಸಿಗುವ ಸಾಧ್ಯತೆಯಿರುವ ತಾಣಗಳ ದಿಕ್ಕು, ದೂರ ಮತ್ತು ಆಳವನ್ನು ಬಂದರುವಾರು ಪ್ರಕಟಿಸುತ್ತದೆ.

ಖಾಲಿ ಜಾಗಗಳಿಗೆ ಕಾರಣ ಮೋಡ. ಅವಕೆಂಪು ಕಿರಣ ಮೋಡವನ್ನು ದಾಟಲಾರದು. ಕಡಲು ಹೊರಸೂಸುವ ಇನ್ನೂ ಉದ್ದನೆಯ ಮೈಕ್ರೋವೇವ್ ತರಂಗಗಳನ್ನು ಗ್ರಹಿಸುವ ಉಪಕರಣಗಳು ಮೋಡದ ಮೂಲಕವೂ ಅಳೆಯಬಲ್ಲವಾದರೂ ಜೋರು ಮಳೆಯಲ್ಲಿ ಸೋಲುತ್ತವೆ. ಅವಕೆಂಪು ನಕ್ಷೆಯಲ್ಲಿ ಸುಮಾರು ಒಂದು ಕಿಲೋಮೀಟರಿನ ವಿವರ ಸಿಕ್ಕರೆ ಇವುಗಳಲ್ಲಿ ಹತ್ತಾರು ಕಿಲೋಮೀಟರುಗಳ ಸರಾಸರಿಯಷ್ಟೇ ಸಿಗುತ್ತದೆ, ದಡದ ಸಮೀಪದಲ್ಲಂತೂ ನೆಲದ ವಿಕಿರಣ ಬೆರೆತು ಅಳತೆಯೇ ಕೆಡುತ್ತದೆ. ತಣ್ಣೀರು ಅತಿ ಹೆಚ್ಚು ಮೇಲೇರುವ ದಿನಗಳಲ್ಲೇ ನಮ್ಮ ಕರಾವಳಿಯ ಸ್ಪಷ್ಟ ಚಿತ್ರ ಸಿಗದಿರುವುದು ನಿಜಕ್ಕೂ ದೊಡ್ಡ ಕೊರತೆ. ಕೆಲವು ನಕ್ಷೆಗಳು ಹಿಂದಿನ ದಿನಗಳ ಅಳತೆಗಳಿಂದ ಆ ಜಾಗಗಳನ್ನು ತುಂಬಿರುತ್ತವೆ. ಆದ್ದರಿಂದ ಹೊರಡುವ ಮೊದಲು ಅಳತೆಯ ದಿನಾಂಕವನ್ನು ನೋಡಿಕೊಳ್ಳಿ, ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನು ಬೇರೆಯಾಗಿಯೇ ಪರಿಶೀಲಿಸಿ. ತಾಪಮಾನದ ನಕ್ಷೆಯಲ್ಲಿ ಅವು ಇರುವುದಿಲ್ಲ.