ಅಕ್ಕಲಕೋಟದ ಬಾವಿಯಲ್ಲಿ ಸಿಕ್ಕ ಬಿಳಿ ಹರಳುಗಳು

ಅಕ್ಕಲಕೋಟದ ಬಳಿ ಬಾವಿ ತೋಡುವಾಗ ಕರಿಕಲ್ಲಿನ (ಬಸಾಲ್ಟ್) ಪೊಳ್ಳಿನಲ್ಲಿ ಸಿಕ್ಕವೆಂದು ನೀವು ವಿವರಿಸಿರುವ, ಮುತ್ತಿನ ಹೊಳಪಿನ ಬಿಳಿ ಹರಳುಗಳು ಸ್ಫಟಿಕ (ಕ್ವಾರ್ಟ್ಜ್) ಅಲ್ಲ, ಬಹುಮಟ್ಟಿಗೆ ಜಿಯೋಲೈಟ್ ಎಂಬ, ರಚನೆಯೊಳಗೇ ನೀರಿರುವ ಖನಿಜಗಳ ಗುಂಪಿನ ಸ್ಟಿಲ್ಬೈಟ್ ಆಗಿರಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಈ ಕರಿಕಲ್ಲಾಗುವಾಗ ಅನಿಲದ ಗುಳ್ಳೆಗಳು ಉಳಿಸಿದ ಪೊಳ್ಳುಗಳಲ್ಲಿ, ಬಂಡೆಯ ಮೂಲಕ ಜಿನುಗಿದ ಬಿಸಿನೀರು ಕ್ಯಾಲ್ಸಿಯಂ, ಅಲ್ಯೂಮಿನಿಯಂ ಮತ್ತು ಸಿಲಿಕಾವನ್ನು ತಂದಿಟ್ಟು ಇಂಥ ಹರಳುಗಳನ್ನು ಬೆಳೆಸಿದೆ. ಹರಳುಗಳ ತಳದಲ್ಲಿ ಕಾಣುವ ಹಸಿರು ಲೇಪ ಸೆಲಡೊನೈಟ್ ಎಂಬ ಹಸಿರು ಖನಿಜ ಇರಬಹುದು; ಅದನ್ನು ತಾಮ್ರವೆಂದು ಭಾವಿಸಬೇಡಿ.

ಮೊದಲು ಒಡೆದ ಚೂರೊಂದನ್ನು ಉಕ್ಕಿನ ಚಾಕುವಿನಿಂದ ಗೀರಿ ನೋಡಿ. ಗೀರು ಬೀಳದಿದ್ದರೆ ನನ್ನ ಊಹೆ ತಪ್ಪು, ಅದು ಸ್ಫಟಿಕವೇ. ಬಿದ್ದರೆ, ಉದುರಿದ ಪುಡಿಯ ಮೇಲೆ ವಿನೆಗರ್ ಹನಿಸಿ, ಗುಳ್ಳೆಯೆದ್ದರೆ ಅದು ಕ್ಯಾಲ್ಸೈಟ್ (ಸುಣ್ಣದ ಖನಿಜ). ಗುಳ್ಳೆಯೇಳದೆ, ಹರಳುಗಳು ನಡುವಿನಲ್ಲಿ ಬಿಗಿದ ಜೋಳದ ಸಿವುಡಿನಂತೆ ತುದಿಗಳಲ್ಲಿ ಹರಡಿಕೊಂಡಿದ್ದರೆ ಸ್ಟಿಲ್ಬೈಟ್ ಎಂದುಕೊಳ್ಳಬಹುದು. ಹರಳುಗಳು ಬಿಡಿಬಿಡಿಯಾಗಿ ಚಪ್ಪಟೆಯಾಗಿದ್ದರೆ ಹ್ಯೂಲಂಡೈಟ್ ಎಂಬ ಇನ್ನೊಂದು ಜಿಯೋಲೈಟ್ ಕೂಡ ಆಗಿರಬಹುದು. ಇವೆರಡನ್ನು ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ, ನಿಶ್ಚಯಕ್ಕೆ ಎಕ್ಸ್-ರೇ ಪರೀಕ್ಷೆಯೇ ಬೇಕು.

ಮಣ್ಣು ತೆಗೆಯಲು ಆಸಿಡ್ ಬಳಸಲೇಬೇಡಿ. ಅದು ಜಿಯೋಲೈಟಿನ ಹೊಳಪನ್ನು ಕೆಡಿಸುತ್ತದೆ, ಜೊತೆಗಿರುವ ಕ್ಯಾಲ್ಸೈಟನ್ನು ಕರಗಿಸಿಬಿಡುತ್ತದೆ. ತಣ್ಣೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿ. ಹರಳಿನ ರಚನೆಯೊಳಗೇ ನೀರಿನ ಅಣುಗಳಿರುವುದರಿಂದ ಒಲೆಯ ಬಿಸಿ ತಾಗಿದರೆ ಅದು ಮಸುಕಾಗಿ ಬಿರುಕು ಬಿಡಬಹುದು. ಅಂಟಿಕೊಂಡ ಕರಿಕಲ್ಲನ್ನು ದಯವಿಟ್ಟು ಕೆತ್ತಿ ತೆಗೆಯಬೇಡಿ, ಹರಳಿನ ಮೂಲಕ್ಕೆ ಅದೇ ಸಾಕ್ಷಿ. ಊರನ್ನೂ ಬಾವಿಯ ಆಳವನ್ನೂ ಬರೆದ ಚೀಟಿಯನ್ನು ಅದಕ್ಕೇ ಅಂಟಿಸಿಡಿ.