ಒಬ್ಬಟ್ಟು ಹರಿಯುವುದೇಕೆ?

ಪ್ರಶ್ನೆ: ಯುಗಾದಿಗೆ ಹನ್ನೆರಡು ಜನ ಊಟಕ್ಕೆ ಬರುತ್ತಾರೆ. ಒಬ್ಬಟ್ಟು ತಟ್ಟುವಾಗಲೇ ಹರಿದು ಹೂರಣ ಹೊರಗೆ ಬರುತ್ತದೆ. ತಪ್ಪು ಎಲ್ಲಿದೆ?
— ಓದುಗರೊಬ್ಬರು, ತುಮಕೂರು

ಉತ್ತರ: ಬಹುಪಾಲು ತಪ್ಪು ಬೇಳೆಯದು. ಬೆರಳಲ್ಲಿ ಒತ್ತಿದರೆ ನುರಿಯಬೇಕು, ಆದರೆ ಕಾಳು ಕಾಳಾಗಿಯೇ ಇರಬೇಕು. ಕುಕ್ಕರಿನಲ್ಲಿ ಕರಗಿಸಿಬಿಟ್ಟರೆ ಮುಗಿಯಿತು, ಪಾತ್ರೆಯಲ್ಲೇ ಬೇಯಿಸಿ. ಕಟ್ಟು ಪೂರ್ತಿ ಬಸಿಯಿರಿ, ಸಾರಿಗೆ ಅದೇ ಬೇಕಲ್ಲ! ಬೆಲ್ಲ ಹಾಕಿದೊಡನೆ ಬೇಳೆ ಮತ್ತೆ ನೀರಾಗುತ್ತದೆ. ಗಾಬರಿ ಬೇಡ, ಸಣ್ಣ ಉರಿಯಲ್ಲಿ ಮಗುಚುತ್ತಾ ಸೌಟು ನೆಟ್ಟಗೆ ನಿಲ್ಲುವವರೆಗೆ ಆರಿಸಿ, ಆಮೇಲೆ ಕಾಯಿತುರಿ, ಏಲಕ್ಕಿ ಸೇರಿಸಿ ರುಬ್ಬಿ. ರುಬ್ಬುವಾಗ ನೀರು ಹನಿಯೂ ಬೇಡ.

400 ಗ್ರಾಂ ತೊಗರಿಬೇಳೆಗೆ 350 ಗ್ರಾಂ ಬೆಲ್ಲ, ಕಣಕಕ್ಕೆ 250 ಗ್ರಾಂ ಚಿರೋಟಿ ರವೆ ಸಾಕು, ಸುಮಾರು 25 ಒಬ್ಬಟ್ಟಾಗುತ್ತವೆ. ಕಣಕ ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ. ಮೇಲೆ ಎಣ್ಣೆ ಸುರಿದು ಎರಡು ಗಂಟೆ ನೆನೆಯಲಿ. ಎಳೆದರೆ ರಬ್ಬರಿನಂತೆ ಹಿಂದಕ್ಕೆ ಸರಿದರೆ ಇನ್ನೂ ನೆನೆದಿಲ್ಲವೆಂದೇ ಅರ್ಥ. ಹೂರಣ ಕಣಕಕ್ಕಿಂತ ಗಟ್ಟಿಯಾಗಿದ್ದರೂ ಹರಿಯುತ್ತದೆ, ಎರಡೂ ಒಂದೇ ಹದಕ್ಕೆ ಬರಬೇಕು.

ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಡಿ. ತಟ್ಟುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ.