ಇತಿಹಾಸ ಓದಿದರೆ ಏನು ಸಿಗುತ್ತೆ ಮೇಡಂ?

ಪಿಯು ಫಲಿತಾಂಶ ಬಂದ ಮೇಲೆ ಪ್ರತಿ ವರ್ಷವೂ ಇದೇ ಕಥೆ. ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ 'ಯಾವ ಕೋರ್ಸು ಮೇಡಂ?' ಅಂತಲೇ ಇರುತ್ತವೆ. ಈ ಸಲ ಬಿಎ ಇತಿಹಾಸದ ಬಗ್ಗೆ ಬಂದವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಾಲೇಜು ಮಕ್ಕಳನ್ನು 'ನೀನು' ಅಂತ ಕರೆದೇ ನನಗೆ ಅಭ್ಯಾಸ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಕಾಮರ್ಸ್‌ನಲ್ಲಿ ಎಚ್‌ಇಬಿಎ ಓದಿದ್ದೇನೆ. ನಾಲ್ಕು ವಿಷಯಗಳಲ್ಲಿ ಇಷ್ಟವಾಗಿದ್ದು ಇತಿಹಾಸ ಒಂದೇ. ಬಿಎ ಸೇರಬೇಕು ಅಂತ ಆಸೆ. ಅಪ್ಪ 'ಸತ್ತ ರಾಜರ ಕಥೆ ಓದಿದ್ರೆ ಹೊಟ್ಟೆ ತುಂಬುತ್ತಾ, ಬಿಕಾಂ ಮಾಡು' ಅಂತಾರೆ. ಏನು ಹೇಳಲಿ?

ಅಪ್ಪ ಕೇಳಿದ್ದರಲ್ಲಿ ತಪ್ಪೇನಿಲ್ಲ. ಫೀಸು ಕಟ್ಟುವವರು ಕೇಳಲೇಬೇಕು. ನಿಜ ಹೇಳಬೇಕಂದರೆ 'ಇತಿಹಾಸ ಓದಿದವರು ಬೇಕಾಗಿದ್ದಾರೆ' ಅಂತ ಬೋರ್ಡು ಹಾಕಿಕೊಂಡು ಯಾರೂ ಕೂತಿಲ್ಲ. ಶಾಲೆ ಟೀಚರ್ ಆಗಬೇಕು ಅಂದರೆ ಬಿಎ ಆದ ಮೇಲೆ ಎರಡು ವರ್ಷ ಬಿ.ಎಡ್. 6ರಿಂದ 8ನೇ ತರಗತಿಯ ಹುದ್ದೆಗೆ ಟಿಇಟಿ ಬೇರೆ. ಪಿಯು ಕಾಲೇಜಿಗೆ ಎಂಎ, ಬಿ.ಎಡ್ ಎರಡೂ. ಡಿಗ್ರಿ ಕಾಲೇಜಿಗೆ ಎಂಎ ಜೊತೆ ನೆಟ್ ಅಥವಾ ಕೆ-ಸೆಟ್. ಅಷ್ಟೆಲ್ಲ ಮಾಡಿದ ಮೇಲೂ ನೇಮಕಾತಿ ಕರೆಯುವವರೆಗೆ ಕಾಯಬೇಕು. ನಾನು ಕಾದವಳೇ. ಒಂದು ಕಾಲೇಜಿನಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಹೆಸರಿಗೆ ಅತಿಥಿ, ಸಂಬಳ ಮಾತ್ರ ಮೂರು ತಿಂಗಳಿಗೊಮ್ಮೆ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ.

ಹಾಗಂತ ಬಾಗಿಲು ಮುಚ್ಚಿಲ್ಲ. ಕೆಎಎಸ್, ಎಫ್‌ಡಿಎ, ಪಿಎಸ್‌ಐ, ಬ್ಯಾಂಕು ಯಾವುದಕ್ಕೂ ಒಂದು ಡಿಗ್ರಿ ಸಾಕು. ಆ ಪರೀಕ್ಷೆಗಳಲ್ಲಿ ಇತಿಹಾಸದ ಪ್ರಶ್ನೆಗಳೂ ಇರುತ್ತವೆ, ಓದಿದ್ದು ಅಲ್ಲೂ ಉಪಯೋಗಕ್ಕೆ ಬರುತ್ತೆ. ಮೂರು ವರ್ಷದ ಎಲ್‌ಎಲ್‌ಬಿಗೆ ಹೋಗಬಹುದು. ನನ್ನ ಜೊತೆ ಓದಿದವರಲ್ಲಿ ಒಬ್ಬಳು ಈಗ ವಕೀಲೆ. ಹಳೆ ಕ್ರಯಪತ್ರ, ಇನಾಂ ಕಾಗದ ಓದುವುದರಲ್ಲಿ ಅವಳನ್ನು ಮೀರಿಸೋರಿಲ್ಲ ಅಂತ ಅವಳ ಕೋರ್ಟಿನವರೇ ಹೇಳುತ್ತಾರೆ.

ಅಪ್ಪನಿಗೆ ಹೇಳಬೇಕಾದ್ದು ಅದನ್ನೇ. ಬರೀ ಬಿಎ ಸರ್ಟಿಫಿಕೇಟಿಗೆ ಬೆಲೆ ಕಡಿಮೆ, ಒಪ್ಪಿಕೊಳ್ಳೋಣ. ಆದರೆ ಮೂರು ವರ್ಷದಲ್ಲಿ ಬೇರೆಯವರಿಗೆ ಓದಲು ಬಾರದ ಒಂದನ್ನು ನೀನು ಓದಲು ಕಲಿತರೆ ಲೆಕ್ಕ ಬೇರೆ ಆಗುತ್ತೆ. ಅದು ಹಳಗನ್ನಡ ಶಾಸನ ಇರಬಹುದು, ಹಳೆ ಮರಾಠಿ ಕಾಗದಗಳ ಮೋಡಿ ಲಿಪಿ ಇರಬಹುದು, ಪರ್ಷಿಯನ್ ಇರಬಹುದು, ಹಳೆ ಕಂದಾಯ ಲೆಕ್ಕವೂ ಇರಬಹುದು. ಹಾಗಾಗಿ ಕಾಂಬಿನೇಷನ್ ಆರಿಸುವಾಗ ಎಲ್ಲರೂ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತಗೊಂಡರು ಅಂತ ಸುಮ್ನೆ ಅದಕ್ಕೇ ಟಿಕ್ ಹಾಕಬೇಡ. ಇತಿಹಾಸದ ಜೊತೆ ಐಚ್ಛಿಕ ಕನ್ನಡ ಕೊಡುವ ಕಾಲೇಜು ಹತ್ತಿರದಲ್ಲಿದೆಯಾ ನೋಡು. ಇನ್ನೊಂದು ಮಾತು. 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ನಮ್ಮ ರಾಜ್ಯದಲ್ಲಿ 2024ರಿಂದ ಹೋಗಿದೆ. ಈಗ ಮತ್ತೆ ಮೂರೇ ವರ್ಷ. ಅಪ್ಪನಿಗೆ ಇದನ್ನು ಮೊದಲು ಹೇಳು, ಅರ್ಧ ಸಿಟ್ಟು ಇಳಿಯುತ್ತೆ.

ಪ್ರಶ್ನೆ: ಬಿಎ ಮೊದಲ ವರ್ಷ. ಇಸವಿ ನೆನಪಿರಲ್ಲ. ಕ್ಲಾಸಿನಲ್ಲಿ ನೋಟ್ಸ್ ಬರೆಸುತ್ತಾರೆ, ಪರೀಕ್ಷೆಗೆ ಗೈಡ್ ಓದುತ್ತೇವೆ. ಇಷ್ಟೇನಾ ಇತಿಹಾಸ ಅಂದರೆ? (ತುಮಕೂರು)

ಅಷ್ಟೇ ಆಗಿದ್ದರೆ ನಾನೂ ಬಿಟ್ಟು ಓಡಿಹೋಗುತ್ತಿದ್ದೆ.

'ತಾಳಿಕೋಟೆ ಕದನದ ಕಾರಣ ಮತ್ತು ಪರಿಣಾಮ'. ಈ ಪ್ರಶ್ನೆ ಬರದ ವರ್ಷ ಇಲ್ಲ, ಅಲ್ವಾ? ಗೈಡಿನಲ್ಲಿ ಆರು ಕಾರಣ, ಐದು ಪರಿಣಾಮ ಇರುತ್ತೆ. ಬರೆದು ಬಂದರೆ ಮುಗೀತು. ಈಗ ಅದೇ 1565ನ್ನು ಸ್ವಲ್ಪ ಕೆದಕು. ಮೊದಲನೆಯದಾಗಿ ಕದನ ತಾಳಿಕೋಟೆಯಲ್ಲಿ ಆಗಲೇ ಇಲ್ಲ, ಸುಲ್ತಾನರ ಸೈನ್ಯ ಬಂದು ಸೇರಿದ್ದು ಅಲ್ಲಿ. ಕಾದಾಡಿದ್ದು ಕೃಷ್ಣೆಯ ಹತ್ತಿರ, ರಕ್ಕಸಗಿ, ತಂಗಡಗಿ ಅನ್ನುವ ಊರುಗಳ ಕಡೆ, ಅದಕ್ಕೇ ರಕ್ಕಸ-ತಂಗಡಿ ಅನ್ನುವ ಹೆಸರು. ಇನ್ನು ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯ ಸೋತಿದ್ದು ಯಾಕೆ? ಫೆರಿಷ್ತಾನ ಪರ್ಷಿಯನ್ ಪುಸ್ತಕ ಒಂದು ಕಥೆ ಹೇಳುತ್ತೆ. ಅವನು ಯುದ್ಧ ಆಗಿ ಎಷ್ಟೋ ವರ್ಷದ ಮೇಲೆ ಬಿಜಾಪುರದ ಸುಲ್ತಾನನ ಆಶ್ರಯದಲ್ಲಿ ಕೂತು ಬರೆದವನು. 1567ರಲ್ಲಿ, ಅಂದರೆ ಎರಡೇ ವರ್ಷದಲ್ಲಿ, ಹಾಳಾದ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬೇರೆಯೇ ಹೇಳುತ್ತಾನೆ: ರಾಮರಾಯನ ಕಡೆಯ ಇಬ್ಬರು ಸೇನಾಪತಿಗಳು ಕೈಕೊಟ್ಟರು ಅಂತ. ಇವರಲ್ಲಿ ಯಾರನ್ನು ನಂಬುತ್ತೀಯ? ಹತ್ತಿರದ ಕಾಲದವನನ್ನೋ, ಆಸ್ಥಾನದ ದಾಖಲೆ ಕೈಗೆ ಸಿಗುತ್ತಿದ್ದವನನ್ನೋ? ವ್ಯಾಪಾರಿಗೆ ಅದನ್ನು ಹೇಳಿದ್ದು ಯಾರು? ಸೋತವರಿಗೆ 'ಮೋಸ ಆಯ್ತು' ಅನ್ನುವ ಕಥೆ ಸಮಾಧಾನ ಕೊಡುತ್ತೆ ಕೂಡ, ಮರೀಬೇಡ. ಹೀಗೆ ಜಗಳ ಶುರುವಾದಾಗಲೇ ಇತಿಹಾಸದ ಕ್ಲಾಸು ಶುರುವಾಯಿತು ಅಂತ ಲೆಕ್ಕ. ಜಗಳ ಆಡಿದ ಮೇಲೆ 1565 ಮರೆತು ಹೋಗಲ್ಲ, ಗ್ಯಾರಂಟಿ.

ಇಸವಿ ಬಗ್ಗೆ ಇನ್ನೊಂದು ಚೂರು. ಶಾಸನಗಳಲ್ಲಿ ಜಾಸ್ತಿ ಶಕವರ್ಷ ಇರುತ್ತೆ. ಅದಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಐಹೊಳೆ ಶಾಸನದ ಶಕ 556 ಅಂದರೆ 634. ಶಕವರ್ಷದ ಕೊನೆ ತಿಂಗಳುಗಳು ನಮ್ಮ ಜನವರಿ ದಾಟಿರುತ್ತವೆ, ಆಗ 79. ಗೈಡಿನ ಪಟ್ಟಿ ಉರು ಹೊಡೆಯೋದಕ್ಕಿಂತ ಹತ್ತು ಶಾಸನದ ಲೆಕ್ಕ ನೀನೇ ಹಾಕು.

ಪ್ರಶ್ನೆ: ಮಗ ಪಿಯು ಸೈನ್ಸ್ ಮುಗಿಸಿದ್ದಾನೆ. ಈಗ ಇತಿಹಾಸ ಓದ್ತೀನಿ ಅಂತಾನೆ. ಸೇರಿಸಿಕೊಳ್ಳುತ್ತಾರಾ? ಎರಡು ವರ್ಷದ ಸೈನ್ಸು ದಂಡ ಅಲ್ವಾ? (ದಾವಣಗೆರೆ)

ಸೇರಿಸಿಕೊಳ್ಳುತ್ತಾರೆ ಸರ್. ದಂಡವೂ ಅಲ್ಲ. ಪುರಾತತ್ವದ ಕಡೆ ಹೋದರೆ ಇಂಗಾಲದಿಂದ ಕಾಲ ಗೊತ್ತುಮಾಡುವುದು, ಮೂಳೆ, ಮಣ್ಣು, ಲೋಹ ಎಲ್ಲ ಬರುತ್ತೆ, ಆಗ ಆರ್ಟ್ಸ್ ಮಕ್ಕಳು ನಿಮ್ಮ ಮಗನ ಮುಖ ನೋಡುತ್ತಾರೆ. ರಾಯಚೂರು ಜಿಲ್ಲೆಯ ಮಸ್ಕಿ ಗೊತ್ತಲ್ಲ? 'ದೇವಾನಾಂಪಿಯ' ಅಂತ ಬಂಡೆಗಳ ಮೇಲೆ ಬರೆಸಿಕೊಂಡವನು ಅಶೋಕನೇ ಅಂತ ಹೆಸರು ಸಮೇತ ಖಾತ್ರಿಯಾಗಿದ್ದು ಅಲ್ಲಿನ ಶಾಸನದಿಂದ. 1915ರಲ್ಲಿ ಅದನ್ನು ಕಂಡುಹಿಡಿದ ಬೀಡನ್ ಇತಿಹಾಸದ ಮೇಷ್ಟ್ರಲ್ಲ, ಚಿನ್ನದ ಗಣಿಯ ಎಂಜಿನಿಯರ್.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿದರೆ ಮುಂದೆ ಕಷ್ಟ ಅಂತಾರೆ. ನಿಜಾನಾ? (ಕೊಪ್ಪಳ)

ಬರೆಯೋದಕ್ಕೆ ಕಷ್ಟ ಇಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕಷ್ಟ ಇರೋದು ಓದೋದರಲ್ಲಿ. ಒಳ್ಳೆಯ ಪುಸ್ತಕ, ಸಂಶೋಧನಾ ಲೇಖನ ಜಾಸ್ತಿ ಇಂಗ್ಲಿಷಿನಲ್ಲೇ ಇವೆ, ಹೊರರಾಜ್ಯದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಂಎ ಮಾಡಬೇಕಾದರೆ ಇಂಗ್ಲಿಷ್ ಬೇಕೇ ಬೇಕು. ಕನ್ನಡದಲ್ಲಿ ಬರಿ, ಇಂಗ್ಲಿಷಿನಲ್ಲಿ ಓದು. ಬಿ.ಎಲ್. ರೈಸ್ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಒಂದೇ ಶಾಸನ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇರುತ್ತೆ, ಇಂಗ್ಲಿಷ್ ಅನುವಾದವೂ ಇರುತ್ತೆ. ದಿನಕ್ಕೊಂದು ಸಣ್ಣ ಶಾಸನ ಹೀಗೆ ಓದಿದರೆ ಹಳಗನ್ನಡವೂ ಬರುತ್ತೆ, ಇಂಗ್ಲಿಷೂ ಬರುತ್ತೆ. ನಾನು ಕಲಿತದ್ದು ಹಾಗೇ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಇರಲಿಲ್ಲ.

ಪ್ರಶ್ನೆ: ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ನಮ್ಮೂರಿನ ಬಗ್ಗೆ ಬರೆಯಬೇಕು ಅಂತಿದ್ದೇನೆ. ದೇವಸ್ಥಾನದ ಪಕ್ಕ ನಾಲ್ಕೈದು ಕಲ್ಲುಗಳಿವೆ, ಕತ್ತಿ ಹಿಡಿದವರ ಚಿತ್ರ ಇದೆ. ಬೇರೆ ಏನೂ ಇಲ್ಲದ ಊರು. ಎಲ್ಲಿಂದ ಶುರು ಮಾಡಲಿ? (ಸೊರಬ ತಾಲ್ಲೂಕು)

ಸೊರಬದವನಾಗಿ 'ಏನೂ ಇಲ್ಲದ ಊರು' ಅಂತೀಯಲ್ಲಪ್ಪ! ನಿಮ್ಮ ಕಡೆ ವೀರಗಲ್ಲು ಇಲ್ಲದ ಊರು ಹುಡುಕಬೇಕು.

ಆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ. ಅಲ್ಲಿ ದನಗಳು ಕಂಡರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಸ್ವರ್ಗದಲ್ಲಿ, ಪಕ್ಕದಲ್ಲಿ ಲಿಂಗ, ತುದಿಯಲ್ಲಿ ಸೂರ್ಯಚಂದ್ರ. ಪಟ್ಟಿಗಳ ನಡುವಿನ ಅಂಚು ಇದೆಯಲ್ಲ, ಅಕ್ಷರ ಇದ್ದರೆ ಹೆಚ್ಚಾಗಿ ಅಲ್ಲೇ. ಹಗಲು ಹೊತ್ತು ನೋಡಿದರೆ ಏನೂ ಕಾಣಲ್ಲ. ಕತ್ತಲಾದ ಮೇಲೆ ಹೋಗು, ಮೊಬೈಲ್ ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ಒರಗಿಸಿದ ಹಾಗೆ ಹಿಡಿ. ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ಸಾಲು ಎದ್ದು ಬರುತ್ತೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು, ಜೊತೆಗೆ ಬಂದಿದ್ದ ಅರ್ಚಕರು 'ಇಷ್ಟು ವರ್ಷ ಇದರ ಮೇಲೆ ಎಣ್ಣೆ ಸುರಿದೆನಲ್ಲ' ಅಂತ ಪೇಚಾಡಿಕೊಂಡರು. ತಂತಿ ಬ್ರಷ್ಷಿನಲ್ಲಿ ಮಾತ್ರ ಉಜ್ಜಬೇಡ. ಸುಣ್ಣ, ಪೇಂಟು ತುಂಬಿಸಿ ಫೋಟೋ ತೆಗೆಯೋದೂ ಬೇಡ.

ಆಮೇಲೆ ಲೈಬ್ರರಿಗೆ ಹೋಗಿ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಕೇಳು. ಸೊರಬ ಅದರಲ್ಲಿದೆ, ತಾಲ್ಲೂಕುವಾರು ನಂಬರ್ ಹಾಕಿರುತ್ತಾರೆ. ನಿಮ್ಮೂರ ಕಲ್ಲು ಅದರಲ್ಲಿದ್ದರೆ ಪಾಠ ಹೋಲಿಸಿ ನೋಡು. ಇಲ್ಲದಿದ್ದರೆ ಇನ್ನೂ ಖುಷಿ, ಅದು ಹೊಸದು. (ಧಾರವಾಡ, ಹಾವೇರಿ, ಗದಗದವರು ಈ ಸಂಪುಟಗಳಲ್ಲಿ ಹುಡುಕಿ ನಿರಾಶರಾಗಬೇಡಿ. ಇವು ಹೆಚ್ಚಾಗಿ ಹಳೆ ಮೈಸೂರು ಸಂಸ್ಥಾನದವು, ನಿಮ್ಮದು ಆಗ ಮುಂಬಯಿ ಪ್ರಾಂತ್ಯ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' 11, 15, 18, 20ನೇ ಸಂಪುಟ ನೋಡಿ.)

ಕಲ್ಲಿನಲ್ಲೇ ನಿಲ್ಲಬೇಡ. ಹಳೆ ಶಾನುಭೋಗರ ಮನೆ ಇದ್ದರೆ ಅಟ್ಟದ ಮೇಲೆ ಕಡತ ಇದೆಯಾ ಕೇಳು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಚಿ, ಬಳಪದಲ್ಲಿ ಬರೆದ ಕರೀ ಪುಸ್ತಕ ಅದು. ಯಾರು ಎಷ್ಟು ಕಂದಾಯ ಕೊಟ್ಟರು, ಯಾವ ಕೆರೆ ಒಡೆಯಿತು ಅನ್ನೋದೆಲ್ಲ ಅಲ್ಲಿ ಸಿಗಬಹುದು. ಪಕ್ಕದ ಸಾಗರ ತಾಲ್ಲೂಕಿನ ಕೆಳದಿಯಲ್ಲಿ ವಸ್ತುಸಂಗ್ರಹಾಲಯ ಇದೆ, ಹಳೆ ಕಾಗದ, ತಾಳೆಗರಿ ನೋಡಿ ಕಣ್ಣು ಪಳಗಿಸಿಕೋ. ಊರಿನ ಅಜ್ಜಿಯರ ಹತ್ತಿರ ಕೂತು ಆ ಕಲ್ಲಿಗೆ ಯಾವ ಹೆಸರಿಟ್ಟು ಪೂಜೆ ಮಾಡ್ತಾರೆ ಅಂತ ಬರೆದುಕೋ. ಶಾಸನದ ಹೆಸರೂ ಅಜ್ಜಿ ಹೇಳುವ ಹೆಸರೂ ಬೇರೆ ಬೇರೆ ಆದರೆ ಒಂದನ್ನು ಅಳಿಸಿ ಹಾಕಬೇಡ, ನಿನ್ನ ಪ್ರಾಜೆಕ್ಟ್ ಇರೋದೇ ಆ ವ್ಯತ್ಯಾಸದಲ್ಲಿ.

ಇದರಲ್ಲೇ ಮುಂದುವರಿಯಬೇಕು ಅನಿಸಿದರೆ ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರ ಡಿಪ್ಲೊಮಾ ನಡೆಸುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರೋದೂ ನಮ್ಮ ಮೈಸೂರಿನಲ್ಲೇ.

ಪ್ರಶ್ನೆ: ಬಸ್ ಕಂಡಕ್ಟರ್ ಆಗಿ ನಿವೃತ್ತನಾದೆ. ಪಿಯುಸಿ ಆಗಿದೆ, ವಯಸ್ಸು 61. ಐಹೊಳೆ ರೂಟಿನಲ್ಲಿ 14 ವರ್ಷ ಓಡಾಡಿದೆ, ಒಂದು ದಿನವೂ ಮೇಗುತಿ ಗುಡ್ಡ ಹತ್ತಲಿಲ್ಲ. ಈಗ ಇತಿಹಾಸದಲ್ಲಿ ಬಿಎ ಮಾಡಬಹುದಾ? ಮಕ್ಕಳು ನಗುತ್ತಾರೆ. (ಬಾಗಲಕೋಟೆ ಜಿಲ್ಲೆ)

ಧಾರಾಳವಾಗಿ ಮಾಡಿ ಯಜಮಾನರೇ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವಯಸ್ಸು ಜಾಸ್ತಿ ಆಯ್ತು ಅಂತ ಯಾರೂ ವಾಪಸ್ ಕಳಿಸಲ್ಲ. ಮನೆಯಲ್ಲೇ ಓದಬಹುದು, ಕನ್ನಡದಲ್ಲೇ ಬರೆಯಬಹುದು. ನಗುವ ಮಕ್ಕಳ ಕೈಯಲ್ಲೇ ಅರ್ಜಿ ತುಂಬಿಸಿ, ಅದು ಆನ್‌ಲೈನು.

ಪುಸ್ತಕ ಬರುವಷ್ಟರಲ್ಲಿ ಆ ಗುಡ್ಡ ಹತ್ತಿಬಿಡಿ. ಮೇಲಿನ ಜೈನ ಬಸದಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲೇ ಇರೋದು. ಭಾಷೆ ಸಂಸ್ಕೃತ, ಲಿಪಿ ನಮ್ಮ ಕನ್ನಡದ ಹಳೆಯ ರೂಪ. ಒಂದೆರಡು ಅಕ್ಷರವಾದರೂ ಗುರುತು ಸಿಗುತ್ತೆ, ನೋಡಿ. ಬೆಳಿಗ್ಗೆ ಬೇಗ ಹೋಗಿ, ಗೋಡೆ ಮೇಲೆ ಬಿಸಿಲು ಬೀಳುವ ಹೊತ್ತಿಗೆ. ತಡವಾದರೆ ಬಂಡೆ ಕಾದು ಕಾಲು ಸುಡುತ್ತೆ.